ಒಂದು ಕೈಯ ಕ್ಯಾಮೆರಾ

ಎರಡನೆಯ ರೊಟ್ಟಿಯನ್ನು ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಅದರ ಮೈ ಒರೆಸುತ್ತಿದ್ದಾಗ ಫೋನು ರಿಂಗಾಯಿತು. ಒಬ್ಬಳ ಹೊಟ್ಟೆಗೆ ಎರಡೇ ರೊಟ್ಟಿ, ಅದಕ್ಕಿಂತ ಹೆಚ್ಚು ಹಿಟ್ಟು ಕಲಸಿ ಆರು ವರ್ಷವಾಗಿತ್ತು. ಕೊಟ್ರಮ್ಮ ಬಗ್ಗಿ ನೋಡಿದಳು. ಸಿರುಗುಪ್ಪದ ಪ್ರತಿಮಾ. ಈ ವಾರದಲ್ಲಿ ಮೂರನೆಯ ಸಲ. ಹಿಟ್ಟಿನ ಬೆರಳಲ್ಲೇ ಒತ್ತಿ ಕಿವಿಗಿಟ್ಟುಕೊಂಡಳು.

"ಕೊಟ್ರಮ್ಮಕ್ಕ, ನಮ್ಮವ್ವನ ಫೋಟೋ ಏನಾತ್ರಿ?"

"ಪ್ರಿಂಟಿಗೆ ಕೊಟ್ಟೀನಮ್ಮ. ಅವರು ಕೊಡವಲ್ರು."

"ನಾಕು ತಿಂಗಳಿಂದ ಪ್ರಿಂಟೇನ್ರಿ? ಸಿನಿಮಾ ತೆಗಿಯಾಕೂ ಇಷ್ಟು ದಿನ ಹಿಡಿಯಂಗಿಲ್ಲ ಬಿಡ್ರಿ." ಪ್ರತಿಮಾ ನಕ್ಕಳು. ಅವಳ ಹಿಂದೆ ಕೂಸು ಅಳುತ್ತಿತ್ತು. "ಫೋನಿಗೆ ಮಾತ್ರ ಕಳಸಬ್ಯಾಡ್ರಿ. ಬಾಣಂತಿ ಮನಿ, ನಮ್ಮತ್ತಿ ಬೈತಾರ. ಕವರಿನಾಗ ಹಾಕಿ ಪೋಸ್ಟಿಗೆ ಹಾಕ್ರಿ. ಅಡ್ರೆಸ್ ಐತಲ್ಲ?"

"ಐತಮ್ಮ."

"ಅವ್ವನ ಮುಖ ಹೆಂಗಿತ್ತಂತ ಹಾಲೇಶಣ್ಣನ್ನ ಕೇಳಿದ್ರ ಮಲಗಿದಂಗಿತ್ತು ಅಂತಾನ. ಯಾರನ್ನ ಕೇಳಿದ್ರೂ ಅದೇ ಮಾತು. ನೀವು ಕಳಸ್ರಿ, ನಾನೇ ನೋಡ್ತೀನಿ."

ಫೋನಿಡುವಷ್ಟರಲ್ಲಿ ರೊಟ್ಟಿ ಸೀದಿತ್ತು. ಕೊಟ್ರಮ್ಮ ಅದನ್ನು ಹಾಗೆಯೇ ಮುರಿದು ತಿಂದಳು. ಕೆಟ್ಟ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು, ತನ್ನೂರು ಪೆದ್ದಕಡುಬೂರಿನಿಂದ ಹೊರಡುವ ಹತ್ತು ಗಂಟೆಯ ಆದೋನಿ ಬಸ್ಸು ಹತ್ತಿದಳು.

ಅವಳದು ಸತ್ತವರ ಫೋಟೋ ತೆಗೆಯುವ ಕೆಲಸ. ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ ಹಾರ ಹಾಕಿದ ಮೇಲೆ ಮನೆಯವರು ಅವಳನ್ನು ಒಳಗೆ ಕರೆಯುತ್ತಿದ್ದರು. ಎಲ್ಲರ ಜೇಬಿನಲ್ಲೂ ಫೋನು ಇತ್ತು. ಆದರೆ ದಿನಾ ಉಣ್ಣುವ ಕೈಯಲ್ಲಿ ಹಿಡಿಯುವ ವಸ್ತುವಿನೊಳಗೆ ಹೆಣದ ಮುಖ ಕೂರಬಾರದೆಂದು ಹಿರಿಯರು ಯಾರಿಗೂ ಫೋನು ಎತ್ತಲು ಬಿಡುತ್ತಿರಲಿಲ್ಲ. ಮೊದಲು ಅವಳ ಗಂಡ ಗುರುಪಾದಯ್ಯ ಫೋಟೋ ತೆಗೆಯುತ್ತಿದ್ದ. ಕೂಡಿಸಿದ ಹೆಣದ ತಲೆ ಮುಂದಕ್ಕೆ ಬೀಳುತ್ತದೆ. ಕೊಟ್ರಮ್ಮ ಪಕ್ಕದಲ್ಲಿ ಕುಳಿತು, ಹಾರದ ಮರೆಯಲ್ಲಿ ಕೈಯಿಟ್ಟು ಗದ್ದ ಹಿಡಿದಿರುತ್ತಿದ್ದಳು. ಆ ಕೈ ಎಂದೂ ಫೋಟೋದಲ್ಲಿ ಕಂಡದ್ದಿಲ್ಲ. ಆರು ವರ್ಷದ ಹಿಂದೆ ಗುರುಪಾದಯ್ಯನನ್ನೇ ಕೂಡಿಸಿದ ದಿನ, ಎಡಗೈಯಲ್ಲಿ ಅವನ ಗದ್ದ, ಬಲಗೈಯಲ್ಲಿ ಕ್ಯಾಮೆರಾ ಹಿಡಿದು ಎರಡೂ ಕೆಲಸವನ್ನು ಅವಳು ಮೊದಲ ಸಲ ಒಬ್ಬಳೇ ಮಾಡಿದ್ದಳು. ಅಂದಿನಿಂದ ಹಾಗೆಯೇ ನಡೆದಿತ್ತು. ಮದುವೆಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಫೋಟೋ ತೆಗೆಯಲು ಮಾತ್ರವಲ್ಲ, ಊಟಕ್ಕೂ.

ನಾಲ್ಕು ತಿಂಗಳ ಹಿಂದೆ ಹಾಲಹರವಿಯಲ್ಲಿ ಪ್ರತಿಮಾಳ ತಾಯಿ ಗಾದಿಲಿಂಗಮ್ಮ ತೀರಿಕೊಂಡಾಗ ಹೇಳಿಕಳಿಸಿದ್ದರು. ಪ್ರತಿಮಾಗೆ ಅಂದೇ ಬಳ್ಳಾರಿಯ ಆಸ್ಪತ್ರೆಯಲ್ಲಿ ಆಪರೇಷನ್ನಾಗಿ ಹೆರಿಗೆಯಾಗಿತ್ತು. ಹೊತ್ತು ಇಳಿಯುತ್ತಿತ್ತು, ಮಣ್ಣಿಗೆ ಹೋಗುವವರು ಅಂಗಳದಲ್ಲಿ ಎದ್ದು ನಿಂತಿದ್ದರು. ಕೊಟ್ರಮ್ಮ ಗದ್ದ ಹಿಡಿದು ಗುಂಡಿ ಒತ್ತಿದರೆ ಕ್ಯಾಮೆರಾದ ಲೆನ್ಸು ಅರ್ಧ ಹೊರಗೆ ಬಂದು ಕಚ್ಚಿಕೊಂಡಿತು. ಪರದೆ ಕಪ್ಪಾಯಿತು. "ಆತೇನ್ರಿ?" ಎಂದು ಮಗ ಹಾಲೇಶ್ ಬಾಗಿಲಿನಿಂದ ಕೇಳಿದ. ಇನ್ನೊಮ್ಮೆ ಒತ್ತಿದಳು. ಸದ್ದೇ ಇಲ್ಲ. "ಆತು" ಎಂದಳು. ನಾಲ್ಕು ಜನ ಬಂದು ಗಾದಿಲಿಂಗಮ್ಮನನ್ನು ಎತ್ತಿಕೊಂಡರು.

ಆದೋನಿಯಲ್ಲಿ ತಿರುಮಲೇಶನದು ಹಳೆಯ ಕ್ಯಾಮೆರಾ ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿ. ಅವಳ ಕ್ಯಾಮೆರಾವನ್ನು ತಿರುಗಿಸಿ ನೋಡಿ, "ಇದನ್ನೂ ಕೂಡಿಸಿ ಹಾರ ಹಾಕಬೇಕಾತು ಅಕ್ಕಾ" ಎಂದ.

"ಆಮೇಲೆ ಹಾಕುವಂತಿ. ಮದ್ಲು ಕಾರ್ಡ್ ನೋಡು. ಕೊನೇದು ಯಾರದೈತಿ?"

ಅವನು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ. "ದೇವನಕೊಂಡದ ಯಜಮಾನಂದು. ಆಮೇಲೆ ಏಮೀ ಲೇದು, ಖಾಲಿ."

"ಹೋದ ಫೋಟೋ ವಾಪಸ್ ತೆಗಿತಾರಂತಲ್ಲಪ್ಪ?"

"ಅಳಿಸಿದ್ರ ಹುಡುಕಬೋದಕ್ಕಾ. ಕಾರ್ಡಿಗೆ ಬೀಳಲಾರದ್ದನ್ನ ಎಲ್ಲಿಂದ ತರ್ಲಿ?"

ಕೊಟ್ರಮ್ಮ ಸ್ಟೂಲಿನ ಮೇಲೆ ಕುಳಿತಳು. ನಾಲ್ಕು ತಿಂಗಳು ಈ ಅಂಗಡಿಗೆ ಬಾರದೆ ಇದ್ದದ್ದು ಈ ಮಾತನ್ನು ಕೇಳಬಾರದೆಂದೇ.

ತಿರುಮಲೇಶ ಎರಡು ಕ್ಯಾಮೆರಾ ತಂದು ಗಾಜಿನ ಮೇಲಿಟ್ಟ. ಒಂದು ಹಳೆಯದರಂತೆಯೇ ಅಂಗೈಯೊಳಗೆ ಅಡಗುವಂಥದ್ದು. ಇನ್ನೊಂದು ದೊಡ್ಡದು, ಅದರ ಲೆನ್ಸನ್ನು ಟಕ್ಕೆಂದು ತಿರುಗಿಸಿ ಬಿಚ್ಚಿ, ಬೇರೆಯದನ್ನು ಕೂಡಿಸಿ ತೋರಿಸಿದ.

"ಸಣ್ಣವು ಈಗ ಹೊಸಾವು ಬರೋದೇ ಕಡಿಮಿ. ಲೆನ್ಸ್ ಕಚ್ಕಂಡ್ರ ನಿನ್ನ ಕ್ಯಾಮೆರಾದಂಗ ಮೂಲಿಗೇ. ಇದಾದ್ರ ಕೆಟ್ಟಿದ್ದು ಬಿಚ್ಚು, ಇನ್ನೊಂದು ಹಾಕು, ಅಷ್ಟೇ. ಬಾಗಲಾಗ ನಿಂತ್ರೂ ಮುಖ ತುಂಬ ಬರ್ತೈತಿ. ಸಮೀಪ ಹೋಗೋದೇ ಬ್ಯಾಡ."

ಅವಳು ದೊಡ್ಡದನ್ನು ಎತ್ತಿ ಬೀದಿಯ ಕಡೆ ಹಿಡಿದಳು. ಎದುರು ಸಾಲಿನ ಅಂಗಡಿಯಲ್ಲಿ ಬಟ್ಟೆ ಆರಿಸುತ್ತಿದ್ದ ಒಬ್ಬ ಹೆಂಗಸಿನ ಮುಖ ಮೂಗಿನ ನತ್ತಿನ ಸಮೇತ ಹತ್ತಿರ ಬಂದು ನಿಂತಿತು. ಆ ಹೆಂಗಸಿಗೆ ಇದೊಂದೂ ಗೊತ್ತಿಲ್ಲ. ಹಾಲಹರವಿಯ ದಿನ ಇದು ಕೈಯಲ್ಲಿದ್ದರೆ ಎಂದು ಕೊಟ್ರಮ್ಮ ಬಹಳ ಹೊತ್ತು ಅದನ್ನು ಹಿಡಿದೇ ಇದ್ದಳು.

"ಎಡಗೈ ಲೆನ್ಸಿನ ಕೆಳಗ ಕೊಡಕ್ಕಾ. ಒಂದೇ ಕೈಯಾಗ ಹಿಡಿದ್ರ ಅಲುಗ್ತೈತಿ."

"ನನ್ನ ಎಡಗೈ ಖಾಲಿ ಇರಂಗಿಲ್ಲಪ್ಪ."

"ಯಾಕ, ಏನ್ ಹಿಡ್ಕಂಡಿರ್ತಿ?"

ಅವಳು ಕ್ಯಾಮೆರಾ ಕೆಳಗಿಟ್ಟು, ಎಡಗೈಯನ್ನು ಗಾಜಿನ ಮೇಲೆ ಚಾಚಿ, ಅಂಗೈ ಮೇಲೆ ಮಾಡಿ, ಬೆರಳು ತುಸು ಮಡಚಿ ತೋರಿಸಿದಳು. ತಿರುಮಲೇಶ ಆ ಖಾಲಿ ಕೈಯನ್ನು ನೋಡಿದ. ಅವನಿಗೆ ತಿಳಿಯಿತು.

"ಯಾರನ್ನಾರ ಜೊತಿಗೆ ಕರ್ಕಂಡ್ ಹೋಗು" ಎಂದ, ದನಿ ಇಳಿಸಿ.

"ಅದನ್ನ ಹಿಡಿಯಾಕ ಯಾರು ಬರ್ತಾರ? ಸಣ್ಣದು ಕೊಡು."

"ಇದೂ ಒಂದಿನ ಕಚ್ಕಂತೈತಿ. ಆಗ ನನ್ನ ಬೈಬ್ಯಾಡ."

"ಕಚ್ಕಂಡ್ರ ಕಚ್ಕಂತು ಅಂತ ಹೇಳ್ತೀನಿ."

"ನನಗಾ?"

"ಮನಿಯವರಿಗೆ" ಎಂದಳು ಕೊಟ್ರಮ್ಮ. ಸಣ್ಣ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು, "ಒಂದು ಬಿಳಿ ಹಾಳಿ ಇದ್ರ ಕೊಡಪ್ಪ" ಎಂದು ಕೇಳಿದಳು.

ಪೋಸ್ಟಾಫೀಸಿನ ಇಳಿಜಾರು ಮೇಜಿನ ಮೇಲೆ ಹಾಳೆ ಹರಡಿಕೊಂಡು ನಿಂತೇ ಬರೆದಳು. ಐದನೇ ಕ್ಲಾಸಿಗೆ ನಿಂತುಹೋದ ಅಕ್ಷರ, ಒಂದೊಂದು ಸಾಲಿಗೂ ಹೊತ್ತು ಹಿಡಿಯಿತು.

"ಪ್ರತಿಮಾಗ ಕೊಟ್ರಮ್ಮ ಬರೆಯೋದು. ನಿಮ್ಮವ್ವನ ಫೋಟೋ ಇಲ್ಲ. ಪ್ರಿಂಟಿಗೆ ಕೊಟ್ಟೀನಿ ಅಂದಿದ್ದು ಸುಳ್ಳು. ಕ್ಯಾಮೆರಾ ಅವತ್ತೇ ಕೆಟ್ಟಿತ್ತು. ಎಲ್ಲರೂ ಕಾಯ್ತಿದ್ರು, ನಾನು ಆತು ಅಂದೆ. ಕೆಟ್ಟೈತಿ ಅಂತ ಒಂದು ಮಾತು ಅಂದಿದ್ರ ನಿಮ್ಮಣ್ಣ ಹಿರೇರ ಮಾತು ಮೀರಿ ಫೋನಿನಾಗಾದ್ರೂ ತೆಗಿತಿದ್ದ. ಅದಕ್ಕೂ ನಾನು ಬಿಡಲಿಲ್ಲ.

ಅವ್ವನ ಗದ್ದ ನನ್ನ ಕೈಯಾಗ ಇತ್ತು. ಮುಖ ಮಲಗಿದಂಗ ಇರಲಿಲ್ಲ. ಎಡಗಣ್ಣು ಕೂದಲೆಳಿಯಷ್ಟು ತೆರೆದಿತ್ತು. ಎರಡು ಸಲ ಮುಚ್ಚಿದೆ, ಮತ್ತ ತೆರೀತು. ಗದ್ದದ ಕೆಳಗ ಕಡ್ಲಿಕಾಳಿನಷ್ಟು ಗಂಟು ಸಿಕ್ತು. ಅದು ನಿನಗ ಗೊತ್ತಿರಬೇಕು. ತುಟಿ ಮ್ಯಾಲ ಎಲೆಅಡಿಕಿ ಕೆಂಪು ಇನ್ನೂ ಇತ್ತು. ಒರೆಸ್ರಿ ಅಂದ್ರು ಯಾರೋ. ನಾನು ಒರೆಸಲಿಲ್ಲ. ಯಾರನ್ನೋ ಬೈದು ಈಗಷ್ಟೇ ಸುಮ್ಮನಾದಂಗ ಇದ್ಲು. ನಾನು ನೋಡಿದ್ದು ಇಷ್ಟು.

ಬೈಯಬೇಕಂದ್ರ ಫೋನ್ ಮಾಡು. ಎತ್ತತೀನಿ."

ಕವರಿಗೆ ಅಂಟು ಹಚ್ಚಿ, ಸಿರುಗುಪ್ಪದ ವಿಳಾಸವನ್ನು ಫೋನಿನಲ್ಲಿ ನೋಡಿ ನೋಡಿ ಬರೆದಳು. ಕೌಂಟರಿನಲ್ಲಿದ್ದ ಹುಡುಗಿ ಕವರನ್ನು ತಕ್ಕಡಿಯ ಮೇಲಿಟ್ಟು ಕೇಳಿದಳು.

"ಒಳಗ ಫೋಟೋ ಐತೇನಮ್ಮ? ಇದ್ರ ಮಡಚಬ್ಯಾಡ್ರಿ ಅಂತ ಮ್ಯಾಲ ಬರೀತೀನಿ."

"ಫೋಟೋ ಇಲ್ಲಮ್ಮ. ಕಾಗದ ಅಷ್ಟೇ."

ಹುಡುಗಿ ಮುದ್ರೆ ಒತ್ತಿ ಅದನ್ನು ಹಿಂದಿನ ರಾಶಿಗೆ ಎಸೆದಳು. ಸಾಲಿನಲ್ಲಿದ್ದವನು "ಸ್ವಲ್ಪ ಸರೀರಿ ಅಮ್ಮಾ" ಎಂದ. ಕೊಟ್ರಮ್ಮ ಪಕ್ಕಕ್ಕೆ ಸರಿದಳು, ಹೊರಗೆ ಹೋಗಲಿಲ್ಲ. ಒಳಗಿದ್ದ ಮುದುಕ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಚೀಲಕ್ಕೆ ತುಂಬಿ, ಅದರ ಬಾಯಿಗೆ ದಾರ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಬಿಗಿಯುವವರೆಗೂ ಅವಳು ಜಾಲರಿಯ ಈಚೆ ನಿಂತು ನೋಡಿದಳು.