ಪಂಡಿತನ ಹೆಬ್ಬಾಗಿಲು

ಪಂಡಿತ ಎಂಬ ಅಡ್ಡಹೆಸರನ್ನು ಅವನಿಗೆ ಇಟ್ಟದ್ದು ತೀರಿಕೊಂಡ ಅಪ್ಪ. ಹೊಗಳಿ ಇಟ್ಟದ್ದೆಂದು ಅವನು ಬಹುಕಾಲ ನಂಬಿದ್ದ.

ಅಪ್ಪ ಮನೆಮಂದಿಯ ದನಿಗಳನ್ನೆಲ್ಲ ಅಣಕಿಸಿದ್ದ ಉದ್ದನೆಯ ವಿಡಿಯೊ ಈಗ ಪಂಡಿತನ ಹಳೆಯ ಕಂಪ್ಯೂಟರಿನಲ್ಲಿತ್ತು. ಆ ಕಂಪ್ಯೂಟರನ್ನೇ ಕೇಳಿದವರಿಗೆ ವಿಡಿಯೊ ತೋರಿಸುವ ಮೀಡಿಯಾ ಸರ್ವರ್ ಮಾಡಿ ಚಪ್ಪಲಿ ಗೂಡಿನ ಮೇಲೆ ಪ್ರತಿಷ್ಠಾಪಿಸಿದ್ದ. ಬೇರೆ ಊರಿನ ಆಸ್ಪತ್ರೆಯಲ್ಲಿದ್ದ ತಂಗಿಗೆ ಇವತ್ತು ಮಧ್ಯಾಹ್ನ ಆಪರೇಷನ್. "ಒಳಗೆ ಹೋಗೋ ಮುಂಚೆ ಅಪ್ಪನ ದನಿ ಕೇಳ್ಬೇಕು ಅಣ್ಣ" ಎಂದಿದ್ದಳು.

"ಒಂದು ತುಂಡು ಕತ್ತರಿಸಿ ಕಳಿಸಿಬಿಡಿ, ರೀ" ಎಂದಳು ಹೆಂಡತಿ.

"ಅಪ್ಪನಿಗೇ ಕತ್ತರಿ ಹಾಕೋ ಮಗನಲ್ಲ ನಾನು."

ಸೊಳ್ಳೆಗೆ ಫಿರಂಗಿ ಹೂಡುವ ಜಾತಿ ಅವನದು. ಇಡೀ ವಿಡಿಯೊವನ್ನು ತನ್ನ ಸರ್ವರಿನಿಂದಲೇ ತಂಗಿಯ ಫೋನಿಗೆ ತೋರಿಸುವ ಹಟ. ಕಾಲೇಜಿನಲ್ಲಿ ಗೈರಾದ ಗೆಳೆಯರ ದನಿಯಲ್ಲಿ "ಯೆಸ್ ಸರ್" ಎಂದು ಪ್ರಾಕ್ಸಿ ಹಾಕಿದವನಿಗೆ ರಿವರ್ಸ್ ಪ್ರಾಕ್ಸಿ ಯಾವ ಲೆಕ್ಕ? ಹೊರಗಿನಿಂದ ಬಂದವರನ್ನು ಮಾತಾಡಿಸಿ ಒಳಗಿನ ಸರ್ವರ್ ಹತ್ತಿರ ಕರೆದೊಯ್ಯುವ ಕಾವಲುಗಾರ, ಅಷ್ಟೇ. ಬೆಳಗಿನಿಂದ ಬೆವರು ಸುರಿಸಿ ಆ ಕಾವಲುಗಾರನನ್ನು ನಿಲ್ಲಿಸಿದ. ಲ್ಯಾಪ್‌ಟಾಪಿನಲ್ಲಿ ವಿಳಾಸ ಒತ್ತಿದ, ಅಪ್ಪ ಪ್ರತ್ಯಕ್ಷ. ಕಾಲರ್ ಸರಿಮಾಡಿಕೊಂಡು ತಂಗಿಗೆ ಫೋನ್ ಮಾಡಿ ಆ ವಿಳಾಸ ಕೊಟ್ಟ.

"ಏನೂ ತೆರೀತಿಲ್ಲ ಅಣ್ಣ. ಸುತ್ತುತ್ತಾ ಇದೆ."

"ನನ್ನ ಕಡೆ ಎಲ್ಲಾ ಸರಿ ಇದೆ. ನಿನ್ನದೇ ಏನೋ ತೊಂದರೆ. ಫೋನ್ ಆಫ್ ಮಾಡಿ ಆನ್ ಮಾಡು."

ಮಾಡಿದಳು. ಆಗಲೂ ಅದೇ ಸುತ್ತು. ಅವನು ಆಸ್ಪತ್ರೆಯ ನೆಟ್ಟನ್ನೂ ಬೈದದ್ದಾಯಿತು.

"ನೀವು ಮನೆ ವೈಫೈ ಬಿಟ್ಟು ನೋಡಿದ್ರಾ?" ಎಂದಳು ಹೆಂಡತಿ.

ನೋಡಿರಲಿಲ್ಲ. ಪರೀಕ್ಷೆಗೆಂದು ಲ್ಯಾಪ್‌ಟಾಪಿಗೆ, ಹೊರಗೆ ಹೋಗದೆಯೇ ಸರ್ವರ್ ತಲುಪುವ ಮನೆಯ ಒಳದಾರಿಯನ್ನು ತಾನೇ ಹೇಳಿಕೊಟ್ಟಿದ್ದ. ಈಗ ಫೋನಿನ ವೈಫೈ ಆಫ್ ಮಾಡಿ ನೋಡಿದರೆ ಅಲ್ಲೂ ಅದೇ ಸುತ್ತು. ಹೊರಗಿನವರು ಬರಬೇಕಾದದ್ದು ರೂಟರ್ ಮೂಲಕ. ಅಲ್ಲಿ ದಾರಿ ಬಿಡುವುದನ್ನೇ ಮರೆತಿದ್ದ. ಬಾಗಿಲೇ ಇಲ್ಲದ ಗೋಡೆಗೆ ಕಾವಲುಗಾರನನ್ನು ನಿಲ್ಲಿಸಿ, ನೆಂಟರು ಬರಲಿಲ್ಲವೆಂದು ನೆಂಟರನ್ನೇ ಬೈದಂತಾಗಿತ್ತು.

"ಅಣ್ಣ, ನರ್ಸ್ ಸ್ಟ್ರೆಚರ್ ತಂದ್ರು."

ರೂಟರಿನ ಪಾಸ್‌ವರ್ಡನ್ನು ಎರಡು ಬಾರಿ ತಪ್ಪು ಒತ್ತಿ, ಮೂರನೆಯದಕ್ಕೆ ಒಳನುಗ್ಗಿ ದಾರಿ ತೆರೆದ. "ಈಗ ನೋಡು." ಮೊದಲ ಸಲ ಅವನ ದನಿಯಲ್ಲಿ ಕೋರಿಕೆಯಿತ್ತು.

ಫೋನಿನ ಆ ತುದಿಯಲ್ಲಿ ಅಪ್ಪ ಮಾತಾಡತೊಡಗಿದ. "ಈಗ ನಮ್ಮ ಪಂಡಿತರು," ಎಂದು ಗಂಟಲು ಸರಿಮಾಡಿಕೊಂಡು, ಥೇಟ್ ಮಗನ ದನಿಯಲ್ಲಿ: "ನನ್ನ ಕಡೆ ಎಲ್ಲಾ ಸರಿ ಇದೆ. ನಿಮ್ಮದೇ ಏನೋ ತೊಂದರೆ."

ತಂಗಿ ನಕ್ಕ ನಗೆಗೆ ನರ್ಸ್ ಗದರಿದ್ದೂ ಕೇಳಿಸಿತು. ಅವನು, "ಚಿತ್ರ ಎಲ್ಲೂ ತಡೀತಿಲ್ಲ ತಾನೆ?" ಎಂದು ಕೇಳಿದ.

"ಇಲ್ಲ," ಎಂದಳು ಅವನದೇ ದನಿ ತೆಗೆದು. "ನನ್ನ ಕಡೆ ಎಲ್ಲಾ ಸರಿ ಇದೆ. ಹೋಗಿ ಬರ್ತೀನಿ ಅಣ್ಣ."