ಮಧ್ಯಾಹ್ನದ ಮಾತು

ಕೆನಡಾದಿಂದ ಬಂದು, ಹೈದರಾಬಾದಿನಲ್ಲಿ ವಿಮಾನ ಇಳಿದು ರೈಲು ಹತ್ತಿದ ಧನಶ್ರೀ ಚಿತ್ತಾಪುರದಲ್ಲಿ ಇಳಿಯಬೇಕಿತ್ತು. ಸೇಡಂ ದಾಟಿದ್ದು ನೆನಪಿತ್ತು. ಕಣ್ಣು ಬಿಟ್ಟಾಗ ರೈಲು ವಾಡಿಯಲ್ಲಿ ನಿಂತಿತ್ತು. ಗಾಬರಿಬಿದ್ದು ಇಳಿದು, ಆಟೊ ಹಿಡಿದು ಹಿಂದಕ್ಕೆ ಬಂದಳು. ಕೆನಡಾದಲ್ಲಿ ಆಗ ನಡುರಾತ್ರಿ. ಅವಳ ದೇಹ ಇನ್ನೂ ಅಲ್ಲಿಯ ಹೊತ್ತನ್ನೇ ಹಿಡಿದುಕೊಂಡಿತ್ತು.

ಅಕ್ಕ ಭಾಮಾ ಮಂಚದ ಮೇಲೆ ಹಿಡಿಯಷ್ಟಾಗಿ ಮಲಗಿದ್ದಳು. ತಾಯಿ ತೀರಿದ ಮೇಲೆ ಧನಶ್ರೀಯ ತಲೆ ಬಾಚಿ, ಉಣಿಸಿ, ಓದಿಸಿದವಳು ಅವಳೇ. ಕ್ಯಾನ್ಸರ್ ಕೈಮೀರಿದೆ ಎಂದು ಡಾಕ್ಟರರು ಮನೆಗೆ ಕಳಿಸಿದ್ದರು. ನೋವಿನ ಔಷಧದ ಮಂಪರಿನಲ್ಲಿ ಮಾತು ನಿಂತು ವಾರದ ಮೇಲಾಗಿತ್ತು.

“ಆಗಾಗ ಕಣ್ಣ ತೆರೀತಾಳ, ಗುರ್ತ ಹಿಡಿಯಂಗಿಲ್ಲ. ನಿನ್ನ ಹೆಸರು ಹೇಳಿದ್ರ ಮಾತ್ರ ಹುಬ್ಬ ಏರಸ್ತಾಳ,” ಎಂದರು ಭಾಮಾಳ ಗಂಡ ಹನುಮಂತ.

“ನಾ ಬಾಜೂಕ ಎಚ್ಚರಿದ್ದು ಕುಂದರ್ತೀನಿ, ಮಾಮಾ.”

ಆ ರಾತ್ರಿ ಧನಶ್ರೀಗೆ ನಿದ್ದೆ ಹತ್ತಿರ ಸುಳಿಯಲಿಲ್ಲ; ಅಕ್ಕ ಕಣ್ಣು ತೆರೆಯಲಿಲ್ಲ. ಬೆಳಗಾದದ್ದೇ ರೆಪ್ಪೆಗಳು ಕಲ್ಲಾದವು. ಗಟ್ಟಿ ಚಹಾ ಕುಡಿದಳು, ಮುಖಕ್ಕೆ ತಣ್ಣೀರು ಎರಚಿಕೊಂಡಳು, ಅಂಗಳದ ಬಿಸಿಲಿನಲ್ಲಿ ಅಡ್ಡಾಡಿದಳು. ಪಕ್ಕದ ಮನೆಯ ಅಖ್ತರ ಬೇಗಂ ನೋಡಿ ಮರುಗಿದಳು.

“ಜಿದ್ದು ಮಾಡಬ್ಯಾಡ ಬೇಟಿ. ಒಂದು ಘಳಿಗಿ ಅಡ್ಡಾಗು.”

“ಈಗ ಮಲಗಿದ್ರ ಮತ್ತ ರಾತ್ರಿ ನಿದ್ದಿ ಬರಂಗಿಲ್ಲ, ಖಾಲಾ. ಅಕ್ಕ ಎದ್ದಾಗ ನಾ ಇರಬೇಕು.”

ಮಧ್ಯಾಹ್ನ ಹನುಮಂತ ಔಷಧ ತರಲು ಹೋದರು. ಧನಶ್ರೀ ಮಂಚದ ಕಾಲಿಗೆ ಒರಗಿ ಪರಸಿಕಲ್ಲಿನ ನೆಲದ ಮೇಲೆ ಕುಳಿತಳು. ಕಲ್ಲು ತಣ್ಣಗಿತ್ತು.

ಎಚ್ಚರಾದಾಗ ದೇವರ ಮುಂದೆ ದೀಪ ಹಚ್ಚಿದ್ದರು. ಅಕ್ಕನ ಉಸಿರಿನಲ್ಲಿ ಗೊರಗೊರ ಸದ್ದು ಶುರುವಾಗಿತ್ತು. ಎಷ್ಟು ಕರೆದರೂ ಆಕೆ ಓಗೊಡಲಿಲ್ಲ. ಮರುದಿನ ಮುಂಜಾನೆ ಹೋಗಿಬಿಟ್ಟಳು.

ಮಾತನಾಡಿಸಲು ಬಂದ ಅಖ್ತರ ಬೇಗಂ ಧನಶ್ರೀಯ ಬೆನ್ನು ಸವರುತ್ತ ಅಂದಳು: “ಹೋಗೂ ಮುಂದ ಭಾಮಾಬಾಯಿ ನಿನ್ನ ಜೋಡಿ ಮಾತಾಡಿದಳಲ್ಲ. ಅಷ್ಟರೆ ಸಮಾಧಾನ ಮಾಡ್ಕೊ, ಬೇಟಿ.”

“ನನ್ನ ಜೋಡಿ? ಯಾವಾಗ?”

“ಆವತ್ತ ಮಧ್ಯಾಹ್ನ. ನಾ ಚಾ ತಂದಿದ್ದೆ. ನೀ ಎದ್ದು ಆಕಿ ಕೈ ಹಿಡ್ಕೊಂಡು ಕುಂತಿದ್ದಿ. ಆಕಿ ಮೆಲ್ಲಕ ಏನೋ ಹೇಳಾಕತ್ತಿದ್ಳು, ನೀ ‘ಹೂಂ ಅಕ್ಕಾ, ಹೂಂ’ ಅನ್ನಾಕತ್ತಿದ್ದಿ. ಅಕ್ಕ ತಂಗಿ ನಡುವ ನಾ ಯಾಕಂತ ಬಾಗಲ ಮುಂದಕ ಎಳದು ಹೋದೆ.”

ಧನಶ್ರೀ ಆ ಮಧ್ಯಾಹ್ನವನ್ನು ನೆನಪಿನಲ್ಲಿ ಹುಡುಕಿದಳು. ಎಷ್ಟು ಕೆದಕಿದರೂ ಏನೂ ಸಿಗಲಿಲ್ಲ. ಅಕ್ಕನ ದನಿಯಿಲ್ಲ, ಕೈಯ ಬಿಸಿಯಿಲ್ಲ, ಕನಸಿನ ತುಣುಕೂ ಇಲ್ಲ.

ಒಳಗಿಂದ ಹನುಮಂತ ಎದ್ದು ಬಂದರು. “ಮಾತಾಡಿದ್ಳಾ? ಏನಂದಳು, ಧನು? ನನ್ನ ಬಗ್ಗೆ ಏನರೆ...”

“ನೆನಪಿಲ್ಲ, ಮಾಮಾ. ನಿದ್ದಿಗಣ್ಣಾಗ ಇದ್ದೆ. ಎದ್ದಿದ್ದೇ ನನಗ ಗೊತ್ತಿಲ್ಲ.”

ಅವರು ಬಹಳ ಹೊತ್ತು ಅವಳ ಮುಖ ನೋಡಿದರು. “ಹೇಳೂ ಹಂಗ ಇಲ್ಲಂದ್ರ ಬಿಡವ್ವ,” ಎಂದರು.

“ದೇವರಾಣಿ, ಮಾಮಾ...”

“ಇರ್ಲಿ ಬಿಡು.”

ಮತ್ತೆ ಅವರು ನೇರವಾಗಿ ಕೇಳಲಿಲ್ಲ. ಆದರೆ ಒಂದು ದಿನ ಟ್ರಂಕು ತೆಗೆದು, ಹೆಂಡತಿಯ ಸೀರೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವಳತ್ತ ನೋಡದೆ ಕೇಳಿದರು: “ಯಾವುದು ಯಾರಿಗೆ ಅಂತೇನರೆ ಅಂದಿದ್ಳೇನು?” ಧನಶ್ರೀ ಇಲ್ಲವೆಂದು ತಲೆಯಾಡಿಸಿದಳು. ಅವರು ಸೀರೆಗಳನ್ನು ಒಂದೊಂದಾಗಿ ಮಡಚಿ ಒಳಗಿಟ್ಟರು.

ಅಷ್ಟರಲ್ಲಿ ಅವಳ ದೇಹ ಊರಿಗೆ ಹೊಂದಿಕೊಂಡಿತ್ತು. ರಾತ್ರಿ ನಿದ್ದೆ ಬರುತ್ತಿತ್ತು, ಬೆಳಿಗ್ಗೆ ತಾನಾಗಿ ಎಚ್ಚರಾಗುತ್ತಿತ್ತು. ಮಧ್ಯಾಹ್ನ ಮಾತ್ರ ಅವಳು ಬರಿದಾದ ಮಂಚದ ಪಕ್ಕ ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆ ನಿದ್ದೆಯೊಳಗೆ ಇನ್ನೊಮ್ಮೆ ಇಳಿದರೆ ಅಕ್ಕ ಅಲ್ಲೇ ಮಾತಾಡುತ್ತಿರಬಹುದು ಅನಿಸುತ್ತಿತ್ತು. ನಿದ್ದೆ ಬರುತ್ತಿರಲಿಲ್ಲ.