ಮುಸುಕಿನ ಸರದಾರನ ತಾಯಿ

ಪಾಂಡುರಂಗರಾಯರು ‘ಹೂಂ’ ಅಂದದ್ದು ಒಂದೇ ಸಲ. ಆ ಒಂದು ಹೂಂ ಮೂರು ದಿನ ಅವರ ಗಂಟಲಲ್ಲಿ ಜೋಳದ ತೆನೆಯ ಸುಂಕಿನಂತೆ ಕೆರೆಯುತ್ತಿತ್ತು.

ಕೇಳಿದವಳು ಮೊಮ್ಮಗಳು ಸಾನಿಕಾ. ನೌಬಾದದಲ್ಲಿ ಮನೆ, ಬೀದರಿನ ಕಾಲೇಜಿನಲ್ಲಿ ಕನ್ನಡ ಎಂ.ಎ. ಮೂವತ್ತೆಂಟು ವರ್ಷದ ಹಿಂದೆ ಬೀದರಿನ ಒಂದು ವಾರಪತ್ರಿಕೆಯಲ್ಲಿ ಅಜ್ಜನ ಹೆಸರಿನಿಂದ ಕಂತುಕಂತಾಗಿ ಬಂದಿದ್ದ ‘ಕಪ್ಪು ಮುಸುಕಿನ ಸರದಾರ’ವನ್ನು ಅವಳ ಕಾಲೇಜು ಈಗ ಪುಸ್ತಕ ಮಾಡುತ್ತಿತ್ತು. ಮೂಲ ಕತೆ ಫ್ರೆಂಚರದು. ಅಲ್ಲಿಯ ದಿನಪತ್ರಿಕೆಗಳಲ್ಲಿ ಪುಟದ ಕೆಳಗೆ ಗೆರೆ ಎಳೆದು ದಿನಕ್ಕಿಷ್ಟು ಅಂತ ಇಂಥ ಕತೆ ಹಾಕುತ್ತಿದ್ದರಂತೆ. ನಾಯಕನನ್ನು ಬಾವಿಯಲ್ಲಿ ನೇತುಹಾಕಿ ಅವತ್ತಿನ ಕಂತು ಮುಗಿಸಿದರೆ, ಮರುದಿನ ಜನ ಪತ್ರಿಕೆಗೆ ಮುಗಿಬೀಳುತ್ತಿದ್ದರಂತೆ. ಇವತ್ತು ಸಿನಿಮಾದಲ್ಲಿ ಮುಖ ಮುಚ್ಚಿಕೊಂಡು ಹಾರುವ ಹೀರೋಗಳು, ಹಗಲೊಂದು ರಾತ್ರಿಯೊಂದು ವೇಷ ಹಾಕುವವರು, ಹೆಸರು ಬದಲಿಸಿಕೊಂಡು ಸೇಡಿಗೆ ಮರಳಿ ಬರುವವರು, ಎಲ್ಲರೂ ಆ ಗೆರೆಯ ಕೆಳಗಿನ ಕತೆಗಳ ಮೊಮ್ಮಕ್ಕಳೇ ಎಂದು ಸಾನಿಕಾ ಮುನ್ನುಡಿಯಲ್ಲಿ ಬರೆದಿದ್ದಳು.

ಮೂಲದ ಇಂಗ್ಲಿಷ್ ಅನುವಾದ ಹುಡುಕಿ ಹೋಲಿಸಿಯೂ ನೋಡಿದ್ದಳು. ಪ್ರಸಂಗಗಳೆಲ್ಲ ಸರಿಹೊಂದಿದವು, ಒಂದನ್ನು ಬಿಟ್ಟು. ಸರದಾರ ಮುಸುಕು ಹಾಕಿಕೊಂಡೇ ತನ್ನ ತಾಯಿಯ ಮನೆಗೆ ಅಪರಿಚಿತನಂತೆ ಊಟಕ್ಕೆ ಬರುತ್ತಾನೆ. ರೊಟ್ಟಿಯ ಮೊದಲ ತುತ್ತು ಮುರಿದು ತಟ್ಟೆಯ ಅಂಚಿಗೆ ಇಡುತ್ತಾನೆ. ಸಣ್ಣವನಿದ್ದಾಗ ತಾಯಿಗೆಂದು ಹಾಗೆ ಎತ್ತಿಡುವ ರೂಢಿ. ತಾಯಿ ಗುರುತು ಹಿಡಿಯುತ್ತಾಳೆ, ಆದರೆ ಬಾಗಿಲಲ್ಲಿ ಸಿಪಾಯಿಗಳಿದ್ದಾರೆ. ಮಗನೇ ಅನ್ನದೆ ಇನ್ನೊಂದು ರೊಟ್ಟಿ ಬಡಿಸಿ ಕಳಿಸಿಬಿಡುತ್ತಾಳೆ.

“ಆಜೋಬಾ, ಇದು ಮೂಲದಾಗ ಇಲ್ಲೇ ಇಲ್ಲ. ಇಡೀ ಪುಸ್ತಕದಾಗ ಇದೇ ಛಲೋ ಅದ. ನೀವೇ ಬರ್ದಿದ್ದೇನ್ರಿ?”

ರಾಯರು ಹೂಂ ಅಂದರು. ಅವಳು ಅದನ್ನೂ ಮುನ್ನುಡಿಗೆ ಸೇರಿಸಿಕೊಂಡಳು.

ನಿಜ ಬೇರೆ ಇತ್ತು. ರಾಯರು ಆಗ ಭಾಲ್ಕಿಯ ಟಪಾಲು ಕಚೇರಿಯಲ್ಲಿ ಗುಮಾಸ್ತ. ಅವರ ಹತ್ತಿರ ಆ ಕತೆಯ ಹಳೆಯ ಮರಾಠಿ ಪುಸ್ತಕವಿತ್ತು. ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಕುಳಿತರೆ ಕೈ ಓಡುತ್ತಿರಲಿಲ್ಲ. ಅದಕ್ಕೆ ಪ್ರತಿ ಭಾನುವಾರ ಔರಾದ ಕಡೆಯ ಚಿಂತಾಕಿಯಿಂದ ಹಾವಗೆಪ್ಪ ಬಸ್ಸು ಹತ್ತಿ ಬರುತ್ತಿದ್ದ. ಒಕ್ಕಲುತನದವನು, ಅಕ್ಷರ ಮಾತ್ರ ಮುತ್ತಿನಂಥವು. ರಾಯರು ಮರಾಠಿ ಓದುತ್ತಿದ್ದರು, ಅವನು ಕನ್ನಡದಲ್ಲಿ ಬರೆಯುತ್ತಿದ್ದ. ಬರೆಯುತ್ತ ಬರೆಯುತ್ತ ಸರದಾರ ಕಬ್ಬಿನ ಗದ್ದೆಯಲ್ಲಿ ಅಡಗತೊಡಗಿದ, ರೊಟ್ಟಿ ತಿನ್ನತೊಡಗಿದ. ಕತ್ತಿ ಫ್ರೆಂಚರದು, ಹಸಿವು ಚಿಂತಾಕಿಯದು.

ಮೊದಲ ಕಂತು ಕೊಡಲು ಬೀದರಿಗೆ ರಾಯರೊಬ್ಬರೇ ಹೋಗಿದ್ದರು. ಸಂಪಾದಕರು ಯಾರ ಹೆಸರು ಹಾಕಲಿ ಅಂದಾಗ ತಮ್ಮದೇ ಹೇಳಿದರು. ಮುಂದಿನ ವಾರ ಇಬ್ಬರದೂ ಹಾಕಿಸಿದರಾಯಿತು ಅಂದುಕೊಂಡರು, ಹಾವಗೆಪ್ಪನಿಗೂ ಹಾಗೇ ಹೇಳಿದರು. ಮುಂದಿನ ವಾರ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿ ನಿಲ್ಲಿಸಿ ನಮಸ್ಕಾರ ಹಾಕಿದರು. ಅದರ ಮುಂದಿನ ವಾರ ಕಾಗದಗಳು ಬಂದವು. ನಲವತ್ತು ವಾರ ಕಳೆದು ಕತೆ ಮುಗಿಯಿತು, ವರ್ಷದೊಳಗೆ ಪತ್ರಿಕೆಯೂ ನಿಂತಿತು. ಆ ಮುಂದಿನ ವಾರ ಮಾತ್ರ ಬರಲಿಲ್ಲ.

ಹೂಂ ಅಂದ ನಾಲ್ಕನೆಯ ದಿನ ರಾಯರು ಭಾಲ್ಕಿಯಿಂದ ಔರಾದ ಬಸ್ಸು ಹತ್ತಿದರು. ಅಲ್ಲಿಂದ ಆಟೊ ಹಿಡಿದು ಚಿಂತಾಕಿಗೆ ಹೋದಾಗ ಹಾವಗೆಪ್ಪ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕುಳಿತಿದ್ದ.

“ಬರ್ರಿ ರಾವ್‌ಸಾಬ. ಇಷ್ಟು ತಡಾ ಮಾಡಿ ಯಾರ ಟಪಾಲು ತಂದೀರಿ?”

ರಾಯರು ನಗಲಿಲ್ಲ. ಪುಸ್ತಕದ ಸುದ್ದಿ ಹೇಳಿದರು, ತಾವು ಅಂದ ಹೂಂ ಹೇಳಿದರು, ತಪ್ಪಾಯಿತು ಅಂದರು. ಹಾವಗೆಪ್ಪ ಕೇಳುತ್ತ ಕೇಳುತ್ತ ಮೊರದಲ್ಲಿನ ಹರಳು ಆರಿಸುತ್ತಲೇ ಇದ್ದ.

“ನನ್ನ ಹೆಸರು ಬಂದಿದ್ರ ಎರಡೆಕರೆ ಹೊಲ ಬರ್ತಿತ್ತೇನ್ರಿ? ಅದರ ಸಿಟ್ಟಿಲ್ಲ ನನಗ,” ಅಂದ. “ನಮ್ಮವ್ವಗ ಗೊತ್ತಾಗಬೇಕಿತ್ತು, ಅಷ್ಟೇ.”

ಆಮೇಲೆ ನಿಧಾನವಾಗಿ ಹೇಳಿದ. ಅವ್ವನಿಗೆ ಓದು ಬರುತ್ತಿರಲಿಲ್ಲ. ವಾರವಾರ ಸಾಲಿ ಮಾಸ್ತರರು ಗುಡಿಯ ಕಟ್ಟೆಯಲ್ಲಿ ಕತೆ ಓದಿ ಹೇಳುತ್ತಿದ್ದರು. ರೊಟ್ಟಿಯ ಕಂತು ಕೇಳಿ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಅವ್ವಾ, ಇದು ನಾನೇ ಬರ್ದೀನಿ, ಆ ತಾಯಿ ನೀನೇ ಅಂದೆ. ಆಕಿ ಮಾಸ್ತರಿಗೆ ಕೇಳಿದ್ಳು, ಹೆಸರು ಯಾರದದ ಅಂತ. ಪಾಂಡುರಂಗರಾಯರದು ಅಂದ್ರು. ಅವ್ವ ನನ್ನ ಮಾರಿ ನೋಡಿ, ಮಂದಿ ಬರ್ದದ್ದು ನಂದು ಅನಬ್ಯಾಡ ಮಗನ, ಬಸವಣ್ಣ ಮೆಚ್ಚಂಗಿಲ್ಲ ಅಂದ್ಳು.”

ಹಾವಗೆಪ್ಪ ಮೊರ ಎತ್ತಿ ಒಮ್ಮೆ ಕೇರಿದ.

“ಮುಂದಿನ ಐತವಾರ ಶೇಂಗಾ ಹೋಳಿಗಿ ತಂದಿದ್ದೆ, ನೆನಪದ ಏನ್ರಿ?”

ನೆನಪಿತ್ತು. ಬಿಳಿ ಪಾವಡದ ಅರಿವೆಯಲ್ಲಿ ಕಟ್ಟಿದ ಏಳು ಹೋಳಿಗೆ. ಏನು ವಿಶೇಷವೆಂದು ಕೇಳಿದ್ದಕ್ಕೆ ಹಾವಗೆಪ್ಪ, ಬರೆದವರಿಗೆ ಕೊಡು ಅಂತ ಅವ್ವ ಕಳಿಸ್ಯಾಳ್ರಿ ಅಂದಿದ್ದ. ರಾಯರಿಗೆ ಒಂದು ಗಳಿಗೆ ಏನೋ ಚುಚ್ಚಿತ್ತು. ಆದರೂ ಅಲ್ಲೇ ನಾಲ್ಕು ತಿಂದಿದ್ದರು. ಹಾವಗೆಪ್ಪನಿಗೂ ಒಂದು ಕೊಟ್ಟಿದ್ದರು, ದೊಡ್ಡ ಮನಸ್ಸಿನಿಂದ.

“ಮರುವರ್ಷ ಶ್ರಾವಣದಾಗ ಹೋದ್ಳು,” ಎಂದ ಹಾವಗೆಪ್ಪ. “ಮಗ ಒಂದು ಸುಳ್ಳು ಹೇಳ್ದ ಅಂತ ತಿಳ್ಕೊಂಡೇ ಹೋದ್ಳು. ಇನ್ನ ನೀವು ಹೆಸರು ಹಾಕಿಸ್ರಿ, ಬಿಡ್ರಿ. ಓದಿ ಹೇಳೂದು ಯಾರಿಗೆ?”

ಊಟ ಮಾಡಿಸದೆ ಹಾವಗೆಪ್ಪ ರಾಯರನ್ನು ಬಿಡಲಿಲ್ಲ. ಹೊರಡುವಾಗ ಹಾವಗೆಪ್ಪನ ಹೆಂಡತಿ ದಾನಮ್ಮ ಒಳಗಿನಿಂದ ಒಂದು ಗಂಟು ತಂದು ರಾಯರ ಕೈಗಿಟ್ಟಳು. ಶೇಂಗಾ ಹೋಳಿಗೆ, ಅತ್ತೆ ಕಲಿಸಿದ್ದು ಅಂದಳು. ಅವಳಿಗೆ ಹಳೆಯದೇನೂ ಗೊತ್ತಿದ್ದಂತಿರಲಿಲ್ಲ. ಹಾವಗೆಪ್ಪ ಮೊರದಿಂದ ತಲೆ ಎತ್ತಲಿಲ್ಲ. ರಾಯರು ಗಂಟಿನೊಂದಿಗೆ ಆಟೊ ಹತ್ತಿದರು.

ಔರಾದ ಬಸ್‌ಸ್ಟ್ಯಾಂಡಿನಿಂದ ಸಾನಿಕಾಗೆ ಫೋನು ಮಾಡಿದರು. ಕನ್ನಡ ಪೂರಾ ಹಾವಗೆಪ್ಪನದು, ತಾಯಿಯ ಪ್ರಸಂಗ ಅವನದೇ, ನಾನು ಬರೀ ಓದಿ ಹೇಳುತ್ತಿದ್ದೆ, ಮುಖಪುಟದ ಮೇಲೆ ಅವನ ಹೆಸರು ಹಾಕು ಅಂದರು. ಆ ಕಡೆ ಹಾಳೆ ಮಗುಚುವ ಸದ್ದು ಕೇಳಿತು. ಬೈಯಲಿ ಎಂದು ರಾಯರು ಕಾಯುತ್ತಿದ್ದರು.

“ಇನ್ನೂ ಪ್ರೆಸ್ಸಿಗೆ ಹೋಗಿಲ್ಲ ಆಜೋಬಾ,” ಎಂದಳು ಕೊನೆಗೆ. “ಬದಲಿ ಮಾಡ್ತೇನಿ. ಐದು ನಿಮಿಷದ ಕೆಲಸ.”

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಅನ್ನುತ್ತಾರೆ. ಆಗ ಉಗುರಿನಲ್ಲಿ ಹೋಗಬಹುದಾಗಿದ್ದದ್ದು ಈಗ ಕೊಡಲಿಯಿಂದಲೂ ಹೋಗುವಂತಿರಲಿಲ್ಲ. ಬಸ್ಸು ಭಾಲ್ಕಿಯ ದಾರಿ ಹಿಡಿಯಿತು. ಪಕ್ಕದ ಸೀಟಿನಾಕೆ ಗಂಟಿನ ವಾಸನೆ ಹಿಡಿದು, ಶೇಂಗಾ ಹೋಳಿಗಿ ಏನ್ರಿ, ಮನ್ಯಾಗ ಮಾಡಿದ್ದೇನು ಎಂದು ಕೇಳಿದಳು.

“ನಂದಲ್ಲವ್ವಾ,” ಅಂದರು ರಾಯರು. ಭಾಲ್ಕಿ ಬರುವವರೆಗೂ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕುಳಿತಿದ್ದರು.